ಒಂದೇ ಗಂಟಲಿನ ಮೇಳ: ರಾಯ್ ವುಡ್‌ರ ‘ಬೌಲ್ಡರ್ಸ್’ ಹೇಗೆ ಕಟ್ಟಿದ್ದು?

ಪ್ರಶ್ನೆ: ಇಂಗ್ಲೆಂಡಿನ ರಾಯ್ ವುಡ್ ಅವರ ಮೊದಲ ಆಲ್ಬಂ ಯಾವುದೆಂದು ಹುಡುಕಿದರೆ ಒಂದು ಕಡೆ ‘ಮೂವ್’ ಅಂತ ಇದೆ, ಇನ್ನೊಂದು ಕಡೆ ‘ವಿಝರ್ಡ್ ಬ್ರೂ’, ಮತ್ತೊಂದು ಕಡೆ ‘ಬೌಲ್ಡರ್ಸ್’. ಯಾವುದು ಸರಿ? ‘ಬೌಲ್ಡರ್ಸ್’ನಲ್ಲಿ ವಾದ್ಯಗಳೂ ದನಿಗಳೂ ಎಲ್ಲ ಅವರೊಬ್ಬರದೇ ಎನ್ನುತ್ತಾರೆ. ಆ ಕಾಲದಲ್ಲಿ ಅದು ಹೇಗೆ ಸಾಧ್ಯವಾಯಿತು? ನನ್ನ ಹತ್ತಿರ ಎರಡು ಇನ್‌ಪುಟ್ಟಿನ ಆಡಿಯೊ ಇಂಟರ್‌ಫೇಸ್, ಒಂದು ಡೈನಮಿಕ್ ಮೈಕು, ಅಕೂಸ್ಟಿಕ್ ಗಿಟಾರು, ಕಂಪ್ಯೂಟರಿನಲ್ಲಿ ಆಡಾಸಿಟಿ ಎಂಬ ರೆಕಾರ್ಡಿಂಗ್ ತಂತ್ರಾಂಶ ಇವೆ. ಅದೇ ಥರ ಕೋರಸ್ ಕಟ್ಟಲು ಹೋದರೆ ಹೆಣ್ಣು ದನಿಯ ಬದಲು ಕಾರ್ಟೂನಿನ ಅಳಿಲು ಹಾಡಿದ ಹಾಗೆ ಬರುತ್ತಿದೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ನೀವು ನೋಡಿದ ಮೂರೂ ಸರಿ. ಇನ್ನೂ ಒಂದು ಸೇರಿಸಿಕೊಳ್ಳಬೇಕು. ಬರ್ಮಿಂಗ್‌ಹ್ಯಾಮ್‌ನಲ್ಲಿ 1946ರಲ್ಲಿ ಹುಟ್ಟಿದ ಈ ಮನುಷ್ಯನಿಗೆ ಮೊದಲ ಆಲ್ಬಂ ಅಂತ ಇರುವುದು ನಾಲ್ಕು. ‘ದಿ ಮೂವ್’ ತಂಡದ ಮೊದಲ ಆಲ್ಬಂ 1968ರದು. ಅದರ 13 ಹಾಡುಗಳಲ್ಲಿ 10 ವುಡ್ ಬರೆದವು. ಎಲೆಕ್ಟ್ರಿಕ್ ಲೈಟ್ ಆರ್ಕೆಸ್ಟ್ರಾದ ಮೊದಲ ಆಲ್ಬಂ 1971ರ ಡಿಸೆಂಬರಿನದು. 9ರಲ್ಲಿ 4 ಅವರವು, ಉಳಿದ 5 ತಂಡದ ಜೊತೆಗಾರ ಜೆಫ್ ಲಿನ್ ಅವರವು. 1972ರಲ್ಲಿ ಆ ತಂಡ ಬಿಟ್ಟು ಕಟ್ಟಿದ ‘ವಿಝರ್ಡ್’ನ ಮೊದಲ ಆಲ್ಬಂ ‘ವಿಝರ್ಡ್ ಬ್ರೂ’, 1973ರದು. ಅದೇ ವರ್ಷ ಜುಲೈನಲ್ಲಿ ಹಾರ್ವೆಸ್ಟ್ ಕಂಪನಿಯಿಂದ ಬಂದ ‘ಬೌಲ್ಡರ್ಸ್’ ಅವರ ಸ್ವಂತ ಹೆಸರಿನ ಮೊದಲನೆಯದು. ಕೊನೆಗೆ ಬಂದ ಈ ಆಲ್ಬಂನ ಕೆಲಸ ಮಾತ್ರ 1969ರಲ್ಲೇ ಶುರುವಾಗಿ 1971ರ ಹೊತ್ತಿಗೆ ಮುಗಿದಿತ್ತು. ತಂಡಗಳ ಗಲಾಟೆಯ ನಡುವೆ ಬಿಡುವಾದಾಗಲೆಲ್ಲ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೊದಲ್ಲಿ ಮಾಡಿದ್ದು. ಬಹುಮಟ್ಟಿಗೆ ಎಲ್ಲವನ್ನೂ ಒಬ್ಬನೇ ನುಡಿಸಿದ ಇನ್ನೊಂದು ಪ್ರಸಿದ್ಧ ಆಲ್ಬಂ, ಪಾಲ್ ಮೆಕಾರ್ಟ್ನಿ ಅವರದು, 1970ರಲ್ಲಿ ಬಂತು. ಅದನ್ನು ನೋಡಿ ವುಡ್ ಕಲಿತರು ಎಂಬ ಮಾತಿಗೆ ಆಧಾರ ಸಾಲದು. ಎರಡೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಒಲೆಯ ಮೇಲಿದ್ದವು.

ಹಳೆಯದರ ಹುಚ್ಚು ಈ ನಾಲ್ಕರಲ್ಲೂ ಇದೆ, ರೂಪ ಬೇರೆ ಬೇರೆ. ‘ಮೂವ್’ ಆಲ್ಬಂನಲ್ಲಿ ಹಳೆಯ ರಾಕ್ ಅಂಡ್ ರೋಲ್ ಹಾಡುಗಾರ ಎಡ್ಡಿ ಕಾಕ್ರನ್ ಹಾಡಿದ್ದ ‘ವೀಕೆಂಡ್’ ಇದೆ. ‘ಬೌಲ್ಡರ್ಸ್’ನ ಕೊನೆಗೆ ಮೂರು ಹಾಡುಗಳ ‘ರಾಕ್ ಮೆಡ್ಲಿ’ ಬರುತ್ತದೆ. ಅದರ ನಡುವಿನದು ಅಮೆರಿಕದ ಹಾಡುಗಾರ ಜೋಡಿ ಎವರ್ಲಿ ಸಹೋದರರ ಜೋಡಿದನಿಯ ಅಚ್ಚು. ‘ವಿಝರ್ಡ್ ಬ್ರೂ’ ಇನ್ನೊಂದು ತುದಿ: ಇಬ್ಬರು ಡ್ರಮ್ಮರು, ಇಬ್ಬರು ಸ್ಯಾಕ್ಸೊಫೋನಿನವರು, ಎಲ್ಲವೂ ಒಟ್ಟಿಗೆ ಮೀಟರಿನ ಮುಳ್ಳು ಕೆಂಪಿಗೆ ತಾಗುವಷ್ಟು ಜೋರು. ಮೊದಲ ಸಲ ಕೇಳುವವರಿಗೆ ಅದು ಕಲಸುಮೇಲೋಗರ. ನೀವು ಕಲಿಯಲು ಕೂತಿದ್ದರೆ ‘ಬೌಲ್ಡರ್ಸ್’ ಹಿಡಿಯಿರಿ, ಅದರಲ್ಲಿ ಪದರಗಳನ್ನು ಬೇರೆಬೇರೆಯಾಗಿ ಎಣಿಸಬಹುದು.

ಈಗ ಹೇಗೆ ಎಂಬ ಪ್ರಶ್ನೆ. 1969ರಲ್ಲಿ ಆ್ಯಬಿ ರೋಡ್‌ನಲ್ಲಿದ್ದದ್ದು ಒಂದು ಇಂಚು ಅಗಲದ ಟೇಪಿನ ಮೇಲೆ 8 ಟ್ರ್ಯಾಕ್, ಅಂದರೆ ಬೇರೆ ಬೇರೆ ಸದ್ದು ಬರೆದಿಡುವ 8 ಸಾಲು, ಹಿಡಿಯುವ ಯಂತ್ರ. ಒಬ್ಬನೇ ನುಡಿಸುವವನಿಗೆ ಎಂಟು ಬಲು ಕಡಿಮೆ. ಡ್ರಮ್ಸು, ಬೇಸು, ಎರಡು ಗಿಟಾರು ಆದರೆ ಅರ್ಧ ಟೇಪು ಮುಗಿಯಿತು, ಇನ್ನೂ ಬಾಯಿ ತೆರೆದಿಲ್ಲ. ಉಪಾಯ ಬೌನ್ಸ್ ಮಾಡುವುದು: ತುಂಬಿದ ಮೂರು ಟ್ರ್ಯಾಕನ್ನು ಒಂದಕ್ಕೆ ಇಳಿಸಿ, ಖಾಲಿಯಾದ ಮೂರರಲ್ಲಿ ಮತ್ತೆ ಹಾಡುವುದು. ವುಡ್ ಯಾವ ಹಾಡಿಗೆ ಯಾವ ಟ್ರ್ಯಾಕು ಬಳಸಿದರು ಎಂಬ ಪಟ್ಟಿ ಅಲ್ಲ ಇದು, ಎಂಟು ಟ್ರ್ಯಾಕಿನ ಯಂತ್ರದಲ್ಲಿ ಕೆಲಸ ಕೆಡದೆ ನಡೆಯುವ ಒಂದು ಲೆಕ್ಕ: 1ರಲ್ಲಿ ತಾಳ, 2ರಲ್ಲಿ ಬೇಸು, 6ರಲ್ಲಿ ದಾರಿ ತೋರಿಸುವ ಗಿಟಾರು. 3, 4, 5ರಲ್ಲಿ ಒಂದೊಂದು ದನಿ. ಆ ಮೂರನ್ನೂ 7ಕ್ಕೆ ಇಳಿಸುವಾಗ ಮೈಕಿನ ಮುಂದೆ ನಿಂತು ನಾಲ್ಕನೆಯ ದನಿಯನ್ನು ಆಗಲೇ ಹಾಡಿಬಿಡುವುದು. 7ರಲ್ಲಿ ನಾಲ್ಕು ದನಿ ಕೂತವು. 3, 4, 5 ಅಳಿಸಿ ಇನ್ನೊಂದು ಸುತ್ತು, ಈ ಸಲ 8ಕ್ಕೆ. ಎಂಟು ದನಿ ಎರಡು ಟ್ರ್ಯಾಕಿನಲ್ಲಿ. ಆಮೇಲೆ ದಾರಿಯ ಗಿಟಾರನ್ನೂ ಅಳಿಸಿದರೆ 3ರಿಂದ 6ರವರೆಗೆ ನಾಲ್ಕು ಟ್ರ್ಯಾಕು ಮತ್ತೆ ಕೈಗೆ ಬಂದವು: ಮುಖ್ಯ ದನಿ, ಗಿಟಾರು, ಸೋಲೊ, ಕೈವಾದ್ಯ.

7ಕ್ಕೆ ಇಳಿಸುವಾಗ 6ನ್ನು ಆ ಮಿಶ್ರಣಕ್ಕೆ ಸೇರಿಸದೆ ಬಿಟ್ಟದ್ದಕ್ಕೆ ಕಾರಣವಿದೆ. ಟೇಪ್ ಯಂತ್ರದಲ್ಲಿ ಹಳೆಯದನ್ನು ಕೇಳುತ್ತ ಹೊಸದನ್ನು ಬರೆಯುವಾಗ ಎರಡೂ ಕೆಲಸ ಒಂದೇ ಹೆಡ್ಡಿನಲ್ಲಿ, ಅಂದರೆ ಟೇಪಿಗೆ ತಾಗಿ ಸದ್ದನ್ನು ಬರೆಯುವ, ಓದುವ ಭಾಗದಲ್ಲಿ, ನಡೆಯುತ್ತದೆ. ಪಕ್ಕದ ಟ್ರ್ಯಾಕಿಗೇ ಇಳಿಸಿದರೆ ಬರೆಯುವುದು ಓದುವುದಕ್ಕೆ ಸೋರಿ ಕೀಂ ಎಂದು ಕೂಗೆದ್ದುಬಿಡುತ್ತದೆ. ನಡುವೆ ಒಂದು ಟ್ರ್ಯಾಕು ಗೋಡೆಯಾಗಿರಬೇಕು.

ಕಂಪ್ಯೂಟರಿನಲ್ಲಿ ನಿಮಗೆ ಈ ಕೂಗೂ ಇಲ್ಲ, ಎಂಟರ ಮಿತಿಯೂ ಇಲ್ಲ. ಆದರೂ ಬೌನ್ಸ್ ಮಾಡಿ. ನಾಲ್ಕು ದನಿ ಹಾಡಿದ ಮೇಲೆ ಅವುಗಳ ಮಟ್ಟ ಹೊಂದಿಸಿ, ‘ಮಿಕ್ಸ್ ಆ್ಯಂಡ್ ರೆಂಡರ್’ ಕೊಟ್ಟು ಒಂದೇ ಟ್ರ್ಯಾಕು ಮಾಡಿ, ಮೂಲವನ್ನು ಬೇರೆ ಫೋಲ್ಡರಿಗೆ ಸರಿಸಿ. ಇಲ್ಲದಿದ್ದರೆ ನಲವತ್ತು ಟ್ರ್ಯಾಕು ಎದುರಿಗೆ ಬಿದ್ದಿರುತ್ತವೆ, ಮೂರನೆಯ ದನಿ ಅರ್ಧ ಡೆಸಿಬೆಲ್ ಏರಬೇಕೆ ಇಳಿಯಬೇಕೆ ಎಂದು ತಿಂಗಳು ಕಳೆಯುತ್ತದೆ. ಆ ಕಾಲದ ರೆಕಾರ್ಡುಗಳಲ್ಲಿ ಕೇಳುವ ಗಟ್ಟಿತನ ಬಹುಮಟ್ಟಿಗೆ ಮುಂಚೆಯೇ ತೀರ್ಮಾನ ಮಾಡಿದ್ದರಿಂದ ಬಂದದ್ದು. ಟೇಪಿನ ಗುಣದಿಂದ ಬಂದದ್ದು ಜನ ಅಂದುಕೊಂಡಷ್ಟಿಲ್ಲ.

ಇನ್ನು ನಿಮ್ಮ ಅಳಿಲು. ‘ಬೌಲ್ಡರ್ಸ್’ನ ಮೊದಲ ಹಾಡು ‘ಸಾಂಗ್ಸ್ ಆಫ್ ಪ್ರೇಯ್ಸ್’ನಲ್ಲಿ ಚರ್ಚಿನ ಹೆಣ್ಣುಮಕ್ಕಳ ಮೇಳದಂತೆ ಕೇಳುವುದು ವುಡ್ ಅವರದೇ ದನಿ, ಟೇಪಿನ ವೇಗ ಬದಲಿಸಿ ಮಾಡಿದ್ದು. ನಿಧಾನದ ಟೇಪಿನ ಜೊತೆ ಹಾಡಿ, ಕೇಳುವಾಗ ಮಾಮೂಲಿ ವೇಗಕ್ಕೆ ತಂದರೆ ದನಿ ಏರುತ್ತದೆ. ಇಷ್ಟು ನಿಮಗೆ ಗೊತ್ತಿದೆ. ನೀವು ತಪ್ಪುತ್ತಿರುವುದು ಎಷ್ಟು ಏರಿಸಬೇಕು ಎಂಬಲ್ಲಿ. ಗಂಡು ದನಿಗಿಂತ ಹೆಣ್ಣು ದನಿ ಹೆಚ್ಚುಕಡಿಮೆ ಒಂದು ಸ್ಥಾಯಿ ಮೇಲಿರುತ್ತದಲ್ಲ ಎಂದು 12 ಸೆಮಿಟೋನ್, ಅಂದರೆ ಸ್ಥಾಯಿಯ ಹನ್ನೆರಡೂ ಅರ್ಧಸ್ವರ, ಏರಿಸಿರುತ್ತೀರಿ. ಶ್ರುತಿ ಸರಿ ಹೋಗುತ್ತದೆ, ಗಂಟಲು ಕೆಡುತ್ತದೆ. ದನಿಗೆ ಬಣ್ಣ ಕೊಡುವುದು ಗಂಟಲಿನಿಂದ ತುಟಿಯವರೆಗಿನ ಕೊಳವೆಯ ಉದ್ದ. ವಯಸ್ಕ ಗಂಡಸಿನಲ್ಲಿ ಅದು ಸುಮಾರು 17 ಸೆಂ.ಮೀ., ಹೆಂಗಸಿನಲ್ಲಿ 14ರಿಂದ 14.5. ಅಂದರೆ ಅನುಪಾತ 1.2ರ ಆಸುಪಾಸು. ನೀವು ವೇಗವನ್ನು ಎರಡು ಪಟ್ಟು ಮಾಡಿದಾಗ ಕೊಳವೆ ಎಂಟೂವರೆ ಸೆಂ.ಮೀ.ಗೆ ಕುಗ್ಗಿದಂತಾಯಿತು. ಅಂಥ ಗಂಟಲಿನ ವಯಸ್ಕರು ಯಾರೂ ಇಲ್ಲ, ಆದ್ದರಿಂದ ಕಿವಿ ಅಳಿಲು ಎನ್ನುತ್ತದೆ.

ಒಂದು ಸೆಮಿಟೋನ್ ಎಂದರೆ 1.0595 ಪಟ್ಟು. ಮೂರು ಸೆಮಿಟೋನ್ 1.189 ಪಟ್ಟು. ಕೊಳವೆಯ ವ್ಯತ್ಯಾಸಕ್ಕೆ ಇದೇ ಸರಿಯಾದ ಅಳತೆ. ವೇಗದಿಂದ ಮೂರೇ ಸೆಮಿಟೋನ್ ಪಡೆಯಿರಿ, ಉಳಿದ ಎತ್ತರವನ್ನು ಫಾಲ್ಸೆಟೋದಲ್ಲಿ, ಅಂದರೆ ಕಳ್ಳದನಿಯಲ್ಲಿ, ನೀವೇ ಹಾಡಬೇಕು. ಕೋರಸ್ಸಿಗೆ 440 ಹರ್ಟ್ಜ್‌ನ ಎ ಬೇಕಿದ್ದರೆ ನೀವು ಹಾಡುವುದು 370 ಹರ್ಟ್ಜ್‌ನ ಎಫ್ ಶಾರ್ಪ್. ಹೆಚ್ಚಿನ ಗಂಡಸರಿಗೆ ಅದು ಕಳ್ಳದನಿಯಲ್ಲಿ ಆರಾಮವಾಗಿ ಸಿಗುವ ಸ್ವರ.

ಆಡಾಸಿಟಿಯಲ್ಲಿ ಮಾಡುವುದು ಹೀಗೆ. ತಾಳ, ಬೇಸು, ಗಿಟಾರು ಇರುವ ಮಿಶ್ರಣವನ್ನು ಒಂದೇ ಫೈಲಾಗಿ ತೆಗೆದು ಹೊಸ ಪ್ರಾಜೆಕ್ಟಿನಲ್ಲಿ ತೆರೆಯಿರಿ. ‘ಚೇಂಜ್ ಸ್ಪೀಡ್’ ಎಫೆಕ್ಟಿನಲ್ಲಿ ಶೇಕಡಾ ಖಾನೆಗೆ -15.910 ಕೊಡಿ. ಹೊಸ ಆವೃತ್ತಿಗಳಲ್ಲಿ ಇದರ ಹೆಸರು ‘ಚೇಂಜ್ ಸ್ಪೀಡ್ ಆ್ಯಂಡ್ ಪಿಚ್’. ಮೂರು ನಿಮಿಷದ ಹಾಡು 3 ನಿಮಿಷ 34 ಸೆಕೆಂಡಿಗೆ ಹಿಗ್ಗುತ್ತದೆ, ನಿಮಿಷಕ್ಕೆ 120 ಬಡಿತದ ಲಯ 101ಕ್ಕೆ ಇಳಿಯುತ್ತದೆ. ಅದರ ಮೇಲೆ ಹಾಡಿ. ಹಾಡಿದ್ದನ್ನು ಶುರುವಿನ ಸೊನ್ನೆ ಸೆಕೆಂಡಿನಿಂದಲೇ ಎಕ್ಸ್‌ಪೋರ್ಟ್ ಮಾಡಿ, ಮೂಲ ಪ್ರಾಜೆಕ್ಟಿಗೆ ತಂದು, +18.921 ಕೊಡಿ.

ದಶಮಾಂಶ ನುಂಗಬೇಡಿ. 0.841 ಮತ್ತು 1.189 ಎಂದು ದುಂಡಗೆ ಮಾಡಿದರೆ ಗುಣಲಬ್ಧ ಸರಿಯಾಗಿ 1 ಬರುವುದಿಲ್ಲ. ಮೂರು ನಿಮಿಷದ ಕೊನೆಗೆ 9 ಮಿಲಿಸೆಕೆಂಡ್ ಸರಿದಿರುತ್ತದೆ. ಒಂದು ದನಿಗೆ ಅದು ತಿಳಿಯದು. ಬೇರೆ ಬೇರೆ ವೇಗದ ಎಂಟು ದನಿ ಸೇರಿದಾಗ ಕೊನೆಯ ಚರಣದ ವ್ಯಂಜನಗಳು ಚದುರಿ, ಶುರುವಿನಲ್ಲಿ ಚೆನ್ನಾಗಿದ್ದದ್ದು ಯಾಕೆ ಕೆಟ್ಟಿತು ಎಂದು ಹುಡುಕುತ್ತೀರಿ. ‘ಚೇಂಜ್ ಪಿಚ್’ ಎಂಬ ಇನ್ನೊಂದು ಎಫೆಕ್ಟಿನ ಗೋಜಿಗೆ ಹೋಗಬೇಡಿ. ಅದು ಉದ್ದ ಬದಲಿಸದೆ ಶ್ರುತಿ ಏರಿಸಲು ದನಿಯನ್ನು ಚೂರು ಚೂರಾಗಿ ಕತ್ತರಿಸಿ ಅಂಟಿಸುತ್ತದೆ, ಅಂಟಿಸಿದ ಕಡೆಯೆಲ್ಲ ನೀರಿನೊಳಗಿಂದ ಬಂದಂತೆ ತಗಡಿನ ಸದ್ದು ಉಳಿಯುತ್ತದೆ. ವೇಗ ಬದಲಿಸುವಲ್ಲಿ ಈ ಅಂಟು ಇಲ್ಲ.

ಹಾಡುವ ರೀತಿಯನ್ನೂ ಬದಲಿಸಬೇಕು. ವೈಬ್ರಾಟೊ, ಅಂದರೆ ಸ್ವರದ ನಡುಕ, ಸೆಕೆಂಡಿಗೆ ಐದೂವರೆ ಇದ್ದದ್ದು ಆರೂವರೆ ಆಗುತ್ತದೆ, ದನಿ ಹೆದರಿ ನಡುಗಿದ ಹಾಗೆ ಕೇಳುತ್ತದೆ; ಆದ್ದರಿಂದ ಸ್ವರವನ್ನು ಅಲುಗಿಸದೆ ನೇರ ಹಿಡಿಯಿರಿ. 6,000 ಹರ್ಟ್ಜ್‌ನ ಸಕಾರ 7,100 ದಾಟಿ ಸೂಜಿಯಂತೆ ಚುಚ್ಚುತ್ತದೆ. ಸ, ಷ, ಚ ಇವನ್ನು ಮೆತ್ತಗೆ ಉಚ್ಚರಿಸಿ. ಒತ್ತಕ್ಷರಗಳನ್ನು ಮಾತ್ರ ಬೇಕೆಂದೇ ಸ್ವಲ್ಪ ಎಳೆಯಿರಿ, ಇಲ್ಲದಿದ್ದರೆ ವೇಗಕ್ಕೆ ಬಂದಾಗ ನುಂಗಿಹೋಗುತ್ತವೆ. ಇಂಗ್ಲಿಷಿಗಿಂತ ಕನ್ನಡದಲ್ಲಿ ಇದರ ಕಾಟ ಹೆಚ್ಚು: ‘ಅಪ್ಪ’ ಹೋಗಿ ‘ಅಪ’ ಆದರೆ ಅರ್ಥವೇ ಕೆಡುತ್ತದೆ.

ಎಂಟು ದನಿಯನ್ನೂ ಒಂದೇ ರೀತಿ ಹಾಡಿದರೆ ಮೇಳ ಆಗುವುದಿಲ್ಲ, ಒಬ್ಬನೇ ಮನುಷ್ಯ ಎಂಟು ಸಲ ಕೇಳುತ್ತಾನೆ. ಹೀಗೆ ಹಂಚಿ ನೋಡಿ: ಮಾಮೂಲಿ ವೇಗದಲ್ಲಿ ಎರಡು, ಮೂರು ಸೆಮಿಟೋನ್ ಮೇಲೆ ಮೂರು, ಎರಡು ಸೆಮಿಟೋನ್ ಮೇಲೆ ಒಂದು, ಎರಡು ಸೆಮಿಟೋನ್ ಕೆಳಗೆ ಎರಡು. ಎರಡು ಮೇಲೆ ಬೇಕಾದರೆ ಹಿನ್ನೆಲೆಗೆ -10.910 ಕೊಟ್ಟು ಹಾಡಿ, ಆಮೇಲೆ ದನಿಗೆ +12.246. ಕೆಳಗಿನದಕ್ಕೆ ಇದೇ ಅಂಕಿಗಳು ತಿರುಗುಮುರುಗು: ಹಿನ್ನೆಲೆಗೆ +12.246, ದನಿಗೆ -10.910. ಮೈಕಿನಿಂದ ದೂರವನ್ನೂ ಬದಲಿಸಿ. ಎರಡು ದನಿ 30 ಸೆಂ.ಮೀ.ನಲ್ಲಿ, ನಾಲ್ಕು ಒಂದು ಮೀಟರಿನಲ್ಲಿ, ಎರಡು ಕೋಣೆಯ ಆಚೆ ಬದಿಯಿಂದ. ಒಂದೇ ಜಾಗದಲ್ಲಿ ನಿಂತು ಹಾಡಿದರೆ ಕೋಣೆಯ ಗುಂಯ್ ಎನ್ನುವ ಸ್ವರವೂ ಎಂಟು ಪಟ್ಟು ಸೇರಿ ಡಬ್ಬದೊಳಗಿನ ಹಾಡಾಗುತ್ತದೆ. ಪದದ ಕೊನೆಯ ತ, ಸ, ಟ ಬಂದಾಗ ಒಬ್ಬನೇ ಉಚ್ಚರಿಸಲಿ, ಉಳಿದವರು ಸ್ವರದಲ್ಲೇ ಬಿಟ್ಟುಬಿಡಲಿ. ಕೋರಸ್ ಹಾಡುವವರಿಗೆ ಇದು ಹಳೆಯ ಪಾಠ. ಎಂಟೂ ಜನ ‘ಟ’ ಎಂದರೆ ಅಕ್ಕಿ ಚೆಲ್ಲಿದಂತೆ ಕೇಳುತ್ತದೆ.

ಸೀಲಿಂಗ್ ಫ್ಯಾನು ಆರಿಸಿ. ಒಂದು ಟೇಕಿನಲ್ಲಿ ಕೇಳಿಸದ ಫ್ಯಾನಿನ ಗಾಳಿ ಎಂಟು ಪದರದಲ್ಲಿ 9 ಡೆಸಿಬೆಲ್ ಏರುತ್ತದೆ. ಟೇಪಿನವರಿಗೆ ಹಿಸ್ಸಿನ, ಅಂದರೆ ಟೇಪಿನ ಸುಸ್ ಎನ್ನುವ ಸದ್ದಿನ, ಕಾಟ ಇದ್ದದ್ದು ಇದೇ ಲೆಕ್ಕದಲ್ಲಿ: ಪದರ ಎರಡರಷ್ಟಾದಾಗಲೆಲ್ಲ 3 ಡೆಸಿಬೆಲ್. ಪ್ರತಿ ದನಿಯ ಅತಿ ಜೋರಿನ ಮಟ್ಟ ಮೀಟರಿನಲ್ಲಿ -12 ಡೆಸಿಬೆಲ್ ಹತ್ತಿರ ಇರಲಿ, ಸೇರಿದಾಗ ಜಾಗ ಬೇಕಾಗುತ್ತದೆ. ಕೋರಸ್ ಟ್ರ್ಯಾಕಿನಲ್ಲಿ 120 ಹರ್ಟ್ಜ್ ಕೆಳಗಿನದೆಲ್ಲ ಕಡಿದುಹಾಕಿ.

ಇಷ್ಟಕ್ಕೂ ಮುಂಚೆ ಒಂದು ಪರೀಕ್ಷೆ ಮಾಡಲೇಬೇಕು, ಹೆಚ್ಚಿನವರು ಮಾಡುವುದಿಲ್ಲ. ನೀವು ಕೇಳುವುದಕ್ಕೂ ರೆಕಾರ್ಡ್ ಆಗುವುದಕ್ಕೂ ಕಂಪ್ಯೂಟರಿನಲ್ಲಿ ಅಂತರ ಇರುತ್ತದೆ. ಆಡಾಸಿಟಿ ಅದನ್ನು ಸರಿದೂಗಿಸಲು -130 ಮಿಲಿಸೆಕೆಂಡ್ ಎಂಬ ಅಂದಾಜಿನ ಅಂಕಿ ಇಟ್ಟುಕೊಂಡಿದೆ. ನಿಮ್ಮ ಯಂತ್ರಕ್ಕೆ ಅದು ಸರಿಯೆಂದು ನಂಬಬೇಡಿ. ಕ್ಲಿಕ್ ಟ್ರ್ಯಾಕು ಒಂದನ್ನು ಹಾಕಿ, ಹೆಡ್‌ಫೋನನ್ನು ಮೈಕಿಗೆ ಒತ್ತಿ ಹಿಡಿದು ರೆಕಾರ್ಡ್ ಮಾಡಿ. ಎರಡು ಟ್ರ್ಯಾಕನ್ನೂ ಹಿಗ್ಗಿಸಿ ನೋಡಿದರೆ ಕ್ಲಿಕ್ಕುಗಳ ನಡುವಿನ ಅಂತರ ಕಾಣುತ್ತದೆ. ಅದನ್ನು ಸೆಟ್ಟಿಂಗಿನ ‘ಲೇಟೆನ್ಸಿ ಕಾಂಪೆನ್ಸೇಶನ್’ನಲ್ಲಿ ಕೂಡಿಸಿಯೋ ಕಳೆದೋ ಎರಡೂ ಒಂದೇ ಗೆರೆಗೆ ಬರುವಂತೆ ಮಾಡಿ. ಬ್ಲೂಟೂತ್ ಹೆಡ್‌ಫೋನ್ ಈ ಕೆಲಸಕ್ಕೆ ಬೇಡವೇ ಬೇಡ.

ತಾಳದ ವಿಷಯ. ಒಬ್ಬನೇ ನುಡಿಸುವ ರೆಕಾರ್ಡಿನಲ್ಲಿ ಮೊದಲು ಕೆಡುವುದು ಇದು. ತಂಡದಲ್ಲಾದರೆ ಡ್ರಮ್ಮರು ಗಿಟಾರಿನವನನ್ನು ನೋಡಿ ತಿದ್ದಿಕೊಳ್ಳುತ್ತಾನೆ. ಇಲ್ಲಿ ಮೊದಲು ನುಡಿಸಿದ್ದು ಕಲ್ಲಿನಂತೆ ಕೂತಿರುತ್ತದೆ, ಎರಡನೆಯದು ಒದ್ದಾಡುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ಮೊದಲು ಗಿಟಾರು ಮತ್ತು ಗುನುಗು ಮಾತ್ರ ಇಡೀ ಹಾಡಿಗೆ ಹಾಕಿ, ಅದರ ಮೇಲೆ ತಾಳ ನುಡಿಸಿ, ಆಮೇಲೆ ಆ ತಾಳ ಕೇಳುತ್ತ ಗಿಟಾರನ್ನು ಹೊಸದಾಗಿ ನುಡಿಸಿ, ಮೊದಲನೆಯದನ್ನು ಅಳಿಸಿಬಿಡಿ. ಅಳಿಸಲು ಮನಸ್ಸು ಬಾರದೆ ಎರಡನ್ನೂ ಇಟ್ಟುಕೊಂಡವರ ಹಾಡಿನಲ್ಲಿ ಗಿಟಾರು ಯಾವಾಗಲೂ ತೊದಲುತ್ತದೆ.

ಡ್ರಮ್ಸ್ ಇಲ್ಲ ಎಂಬ ಚಿಂತೆ ಬೇಡ. ಇದೇ ಆಲ್ಬಂನ ‘ವೇಕ್ ಅಪ್’ ಹಾಡಿನಲ್ಲಿ ತಾಳವಾಗಿ ಕೇಳುವುದು ನೀರು ಬಡಿದ ಸದ್ದು. ಮನೆಯಲ್ಲಿ ಇದು ಸುಲಭ. 15 ಲೀಟರಿನ ಪ್ಲಾಸ್ಟಿಕ್ ಬಕೆಟ್ಟಿಗೆ ಮುಕ್ಕಾಲು ನೀರು ತುಂಬಿ, ಕೆಳಗೆ ಮಡಿಸಿದ ಟವೆಲ್ಲು ಹಾಸಿ. ಸ್ಟೀಲಿನದು ಬೇಡ, ಅದು ಗಂಟೆಯಂತೆ ಕೂಗಿ ಹಾಡಿನ ಶ್ರುತಿಗೆ ಅಡ್ಡ ಬರುತ್ತದೆ. ಅಂಗೈ ಚಪ್ಪಟೆಯಾಗಿ ಬಡಿದರೆ ಚಟ್ ಎನ್ನುತ್ತದೆ; ಬೊಗಸೆಯಂತೆ ಬಾಗಿಸಿ ಬಡಿದರೆ ಅಂಗೈಯೊಳಗಿನ ಗಾಳಿ ನೀರಿಗಿಳಿದು ಧುಬ್ ಎನ್ನುತ್ತದೆ. ಈ ಎರಡೇ ಸಾಕು, ಒಂದು ಸ್ನೇರು, ಒಂದು ಬೇಸ್ ಡ್ರಮ್ಮು. ಮೈಕು 60 ಸೆಂ.ಮೀ. ಮೇಲೆ ಸ್ವಲ್ಪ ಓರೆಯಾಗಿರಲಿ, ಸ್ಪಂಜಿನ ಕವರು ಹಾಕಿ. ನಿಮ್ಮ ಡೈನಮಿಕ್ ಮೈಕು ಇದಕ್ಕೆ ಸರಿ. ಕಂಡೆನ್ಸರ್ ಮೈಕಿಗೆ ತೇವ ಆಗದು. ಬಚ್ಚಲುಮನೆಯಲ್ಲಿ ಮಾಡಿದರೆ ಟೈಲ್ಸಿನ ಪ್ರತಿಧ್ವನಿ ಎಲ್ಲ ಬಡಿತವನ್ನೂ ಒಂದಕ್ಕೊಂದು ಅಂಟಿಸುತ್ತದೆ, ಆದ್ದರಿಂದ ಬಟ್ಟೆ, ಹಾಸಿಗೆ ಇರುವ ಕೋಣೆ ಒಳ್ಳೆಯದು. ಇಂಟರ್‌ಫೇಸು, ಲ್ಯಾಪ್‌ಟಾಪು, ಪ್ಲಗ್ಗು ಬೇರೆ ಮೇಜಿನ ಮೇಲೆ, ಕೈ ಒರೆಸಿಕೊಳ್ಳದೆ ಮುಟ್ಟಬೇಡಿ. ಹತ್ತು ನಿಮಿಷ ಬಡಿದ ಮೇಲೆ ಎರಡು ಲೋಟ ನೀರು ಹೊರಗೆ ಹಾರಿ ಮಟ್ಟ ಇಳಿದಿರುತ್ತದೆ, ಸದ್ದೂ ಬದಲಾಗಿರುತ್ತದೆ. ಒಳಗೆ ಗೆರೆ ಹಾಕಿಟ್ಟುಕೊಂಡು ತುಂಬಿಸುತ್ತಿರಿ.

ಎಕೋ ಬೇಕೆಂದರೆ ಅದಕ್ಕೂ ಲೆಕ್ಕವಿದೆ. ಟೇಪಿನಲ್ಲಿ ಬರೆಯುವ ಹೆಡ್ಡಿಗೂ ಓದುವ ಹೆಡ್ಡಿಗೂ ಎರಡು ಇಂಚು ದೂರವಿದ್ದು, ಟೇಪು ಸೆಕೆಂಡಿಗೆ 15 ಇಂಚು ಓಡಿದರೆ ಸದ್ದು 133 ಮಿಲಿಸೆಕೆಂಡ್ ತಡವಾಗಿ ಮರಳುತ್ತದೆ. ಐವತ್ತರ ದಶಕದ ರಾಕ್ ಅಂಡ್ ರೋಲ್ ಹಾಡುಗಳ ಆ ಚಟ್-ಚಟ್ ಇದೇ. ಡಿಲೇ ಎಫೆಕ್ಟಿನಲ್ಲಿ 130ರ ಆಸುಪಾಸು ಇಟ್ಟು, ಒಂದೇ ಸಲ ಮರಳುವಂತೆ ಮಾಡಿ, ಮೂಲಕ್ಕಿಂತ 10ರಿಂದ 12 ಡೆಸಿಬೆಲ್ ಕೆಳಗಿಡಿ, 5,000 ಹರ್ಟ್ಜ್ ಮೇಲಿನದನ್ನು ಕಡಿಯಿರಿ. ಹಾಡಿನ ಲಯಕ್ಕೆ ಹೊಂದಿಸಬೇಡಿ. ಹೊಂದಿದರೆ ತಾಳದ ಹಿಂದೆ ಅಡಗಿಕೊಳ್ಳುತ್ತದೆ.

ಆದರೆ ಹಳೆಯ ಛಾಯೆ ಎಂದರೆ ರೆಕಾರ್ಡಿನ ಗೀಚು ಸದ್ದು, ಹಿಸ್ಸು ಸೇರಿಸುವ ಪ್ಲಗ್‌ಇನ್ ಎಂದು ತಿಳಿದಿದ್ದರೆ ಅದನ್ನು ಕೈಬಿಡಿ. ವುಡ್ ಹಾಡುಗಳಲ್ಲಿ ಆ ಛಾಯೆ ಬರುವ ದಾರಿ ಬೇರೆ. 1973ರ ಕೊನೆಗೆ ಬಂದ ಅವರ ‘ಫಾರೆವರ್’ ಹಾಡು ನೀಲ್ ಸೆಡಾಕಾ ಮತ್ತು ಬೀಚ್ ಬಾಯ್ಸ್ ಶೈಲಿಯ ಅನುಕರಣೆ, ರೆಕಾರ್ಡಿನ ಮೇಲೆಯೇ ಸೆಡಾಕಾ ಮತ್ತು ಬೀಚ್ ಬಾಯ್ಸ್ ತಂಡದ ಬ್ರಯಾನ್ ವಿಲ್ಸನ್‌ಗೆ ಕೃತಜ್ಞತೆ ಹೇಳಿದ್ದರು. ಅಲ್ಲಿ ಹಳೆಯದಾಗಿರುವುದು ಜೋಡಣೆ: ಕಾರ್ಡುಗಳ ಸಾಲು, ಹಿನ್ನೆಲೆ ದನಿ ಎಲ್ಲಿ ಬಾಯಿ ಹಾಕುತ್ತದೆ, ಎಲ್ಲಿ ಸುಮ್ಮನಿರುತ್ತದೆ ಎಂಬುದು. ಎಲೆಕ್ಟ್ರಿಕ್ ಲೈಟ್ ಆರ್ಕೆಸ್ಟ್ರಾದ ಮೊದಲ ಆಲ್ಬಂನ ‘10538 ಓವರ್ಚರ್’ನಲ್ಲಿ ಅವರು ಒಂದೇ ಚೆಲ್ಲೊವನ್ನು ಪದರದ ಮೇಲೆ ಪದರ ನುಡಿಸಿ ಗುಂಪು ಮಾಡಿದರು. ಚೆಲ್ಲೊ ವಾದನದಲ್ಲಿ ಪಳಗಿದವರ ನಯ ಅದರಲ್ಲಿಲ್ಲ. ಪ್ರತಿ ಪದರದ ಶ್ರುತಿ ಕೂದಲೆಳೆಯಷ್ಟು ಬೇರೆ ಇರುವುದರಿಂದಲೇ ಅದು ದಪ್ಪಗೆ ಕೇಳುತ್ತದೆ. ಎಲ್ಲವನ್ನೂ ಕಂಪ್ಯೂಟರಿನಲ್ಲಿ ಶ್ರುತಿ ತಿದ್ದಿದ್ದರೆ ತೆಳ್ಳಗಾಗುತ್ತಿತ್ತು. ನಿಮ್ಮ ಕೋರಸ್ಸಿಗೂ ಆಟೊಟ್ಯೂನ್ ಹಾಕಬೇಡಿ.

ಶುರು ಮಾಡುವ ಮುಂಚೆ ಕಿವಿಗೆ ಒಂದು ಕೆಲಸ ಕೊಡಿ. ‘ಸಾಂಗ್ಸ್ ಆಫ್ ಪ್ರೇಯ್ಸ್’ನ ಕೋರಸ್ ಇರುವ ಅರ್ಧ ನಿಮಿಷವನ್ನು ಆಡಾಸಿಟಿಗೆ ತಂದು ವೇಗವನ್ನು ಮೊದಲು ಎರಡು ಸೆಮಿಟೋನ್, ಆಮೇಲೆ ಮೂರು, ಆಮೇಲೆ ನಾಲ್ಕು ಇಳಿಸಿ ಕೇಳಿ. ತಾಳವೆಲ್ಲ ಜಡವಾಗಿ ಎಳೆದಾಡುತ್ತದೆ, ಅದನ್ನು ಬಿಟ್ಟು ಸಕಾರಗಳನ್ನೂ ಸ್ವರದ ನಡುಕವನ್ನೂ ಮಾತ್ರ ಗಮನಿಸಿ. ಅವು ಮನುಷ್ಯರ ಮಾಮೂಲಿ ವೇಗಕ್ಕೆ ಬಂದ ಕಡೆ ಹೆಣ್ಣುಮಕ್ಕಳ ಮೇಳ ಕರಗಿ, ಬರ್ಮಿಂಗ್‌ಹ್ಯಾಮ್‌ನ ಒಬ್ಬ ಗಂಡಸು ಕಳ್ಳದನಿಯಲ್ಲಿ ಹಾಡುತ್ತಿರುವುದು ಕೇಳುತ್ತದೆ.